ಕಾಂಟಾ ಮೇಲೆ, ಟಾಂಕಿ ಖಾಲಿ

1974ನೇ ಇಸವಿಯ ಮಾತು. ಮುಂಬಯಿಯಲ್ಲಿ ಚೆಂಬೂರು ದಾಟಿ ಸಮುದ್ರದ ಕಡೆ ಹೋದರೆ ಸಿಗುವ ಒಂದು ಎಣ್ಣೆ ಡಿಪೋದಲ್ಲಿ ನಾನು ಸುಪರಿಂಟೆಂಡೆಂಟ್ ಆಗಿದ್ದೆ. ಮೂಲ ಧಾರವಾಡದ ಹತ್ತಿರದ ಒಂದು ಹಳ್ಳಿ. ಬಿ.ಎಸ್‌ಸಿ. ಮುಗಿಸಿ, ಅರವತ್ತರ ದಶಕದ ಮೊದಲಲ್ಲೇ ಮುಂಬಯಿ ಸೇರಿದವನು. ಹುದ್ದೆಯ ಹೆಸರು ಉದ್ದ, ಕೆಲಸ ಗಿಡ್ಡ. ಬಂದ ಎಣ್ಣೆಯನ್ನು ಅಳೆದು ಟಾಂಕಿಗೆ ತುಂಬಿಸಿಕೊಳ್ಳಬೇಕು, ಅಳೆದು ಲಾರಿಗಳಿಗೆ ಕೊಟ್ಟು ಕಳಿಸಬೇಕು, ನಡುವೆ ಎಲ್ಲಿಯೂ ಬೆಂಕಿ ಬೀಳದಂತೆ ನೋಡಿಕೊಳ್ಳಬೇಕು. ಇಷ್ಟನ್ನೇ ಮೂವತ್ತು ವರ್ಷ ಮಾಡಿ ನಿವೃತ್ತನಾದೆ. ಚೆನ್ನಾಗಿಯೇ ಮಾಡಿದೆ, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ಅಷ್ಟು ವರ್ಷಗಳಲ್ಲಿ ಆ ಒಂದು ಬೇಸಿಗೆ, ಮಳೆಗಾಲದಲ್ಲಿ ನಡೆದದ್ದು ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಹಿಂದಿನ ವರ್ಷದ ಕೊನೆಗೆ ಅರಬ್ ದೇಶಗಳು ಎಣ್ಣೆಯನ್ನು ಬಿಗಿಹಿಡಿದಿದ್ದವು. ಬೆಲೆ ಗಗನಕ್ಕೇರಿತ್ತು. ಅದರ ಬಿಸಿ ಮೊದಲು ತಟ್ಟಿದ್ದು ಕಾರಿದ್ದವರಿಗಲ್ಲ, ಸ್ಟೋವ್ ಇದ್ದವರಿಗೆ. ಸೀಮೆಎಣ್ಣೆಗೆ ಮುಂಬಯಿಯಲ್ಲಿ ಹೆಸರು ಹಲವು. ಮರಾಠಿಯವರು ರಾಕೇಲ್ ಅನ್ನುತ್ತಾರೆ, ಹಿಂದಿಯವರು ಘಾಸ್ಲೇಟ್ ಅನ್ನುತ್ತಾರೆ, ನಮ್ಮ ಕಡೆಯವರಿಗೆ ಅದು ಚಿಮಣಿ ಎಣ್ಣಿ. ಹೆಸರು ಯಾವುದಾದರೇನು, ರೇಶನ್ ಅಂಗಡಿಯ ಬಾಗಿಲಿಗೆ ನೇತುಹಾಕಿದ ಹಲಗೆ ಮಾತ್ರ ಎಲ್ಲ ಕಡೆಗೂ ಒಂದೇ: 'ರಾಕೇಲ್ ಶಿಲ್ಲಕ್ ನಾಹಿ'. ಅಂದರೆ ಉಳಿದಿಲ್ಲ, ಹೋಗಿ ಬನ್ನಿ ಅಂತ.

ಜನ ಇದನ್ನು ನಂಬುತ್ತಿರಲಿಲ್ಲ. ಲೋಕಲ್ ಟ್ರೇನಿನಲ್ಲಿ ನಾನು ಎಣ್ಣೆ ಕಂಪನಿಯವನು ಅಂತ ಗೊತ್ತಾದರೆ ಮುಗಿಯಿತು, ಕುರ್ಲಾ ಬರುವವರೆಗೆ ನನ್ನ ವಿಚಾರಣೆ. ಒಂದು ದಿನ ಪೇಪರಿನಲ್ಲಿ ಸಾಕಷ್ಟು ಸಾಠಾ, ಅಂದರೆ ದಾಸ್ತಾನು, ಇದೆ ಅಂತ ಬರುತ್ತಿತ್ತು, ಮರುದಿನ ಕೊರತೆ ಅಂತ ಬರುತ್ತಿತ್ತು. ಯಾವುದನ್ನು ನಂಬಬೇಕು? ಸಾಲದ್ದಕ್ಕೆ ಅದೇ ವರ್ಷ ಮುಂಬಯಿಯ ಸಮುದ್ರದಲ್ಲಿ ಎಣ್ಣೆ ಸಿಕ್ಕಿದೆ ಎಂಬ ಸುದ್ದಿ ಬಂತು. ಸುದ್ದಿ ನಿಜವೇ. ಆದರೆ ಸಮುದ್ರದ ತಳದ ಎಣ್ಣೆ ಸ್ಟೋವಿನ ಬತ್ತಿಗೆ ಬರಲು ವರ್ಷಗಳು ಬೇಕು. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಹಾಗೆ ಜನ ಡಬ್ಬಿ ತೊಳೆದಿಟ್ಟು ಕಾಯುತ್ತಿದ್ದರು. ಘಾಟ್ಕೋಪರಿನಿಂದ ನನ್ನ ಜೊತೆ ಬರುತ್ತಿದ್ದ ಬೆಳಗಾವಿಯ ಬಟ್ಟೆ ವ್ಯಾಪಾರಿಯೊಬ್ಬರು ದಿನಾ ಒಂದೇ ಮಾತು ಹೇಳುತ್ತಿದ್ದರು: "ಕೊರತಿ ಗಿರತಿ ಏನೂ ಇಲ್ಲ ಸಾಹೇಬ್ರ. ಮಾಲು ಒಳಗ ಐತಿ, ರೇಟು ಏರಲಿ ಅಂತ ಕುಂತೀರಿ. ನಾನೂ ವ್ಯಾಪಾರ ಮಾಡಾಂವನ ಅಲ್ಲೇನು?"

ಮನೆಯಲ್ಲೂ ಇದೇ ಪಾಡು. ನಮ್ಮ ಮನೆಯ ಸ್ಟೋವೂ ಆರಿತ್ತು. ನನ್ನ ಹೆಂಡತಿ ಡಬ್ಬಿ ತೋರಿಸಿ, "ಅಷ್ಟು ದೊಡ್ಡ ಟಾಂಕಿ ಮುಂದ ದಿನಾ ಕುಂದರ್ತೀರಿ. ಬರುವಾಗ ಇದೊಂದು ಅದ್ದಿಕೊಂಡು ಬಂದ್ರ ಯಾರ್ ನೋಡ್ತಾರ?" ಅಂತ ಕಾಡುತ್ತಿದ್ದಳು. ಟಾಂಕಿ ಖಾಲಿಯಾಗುತ್ತಾ ಬಂದಿದೆ ಅಂದರೆ ನಗುತ್ತಿದ್ದಳು. ಕಟ್ಟಿಕೊಂಡವಳೇ ನಂಬಲಿಲ್ಲ, ಊರು ಯಾಕೆ ನಂಬೀತು?

ಹೀಗಿರುವಾಗ ಒಂದು ಬೆಳಗ್ಗೆ ಡಿಪೋದ ಗೇಟಿಗೆ ಮೋರ್ಚಾ ಬಂತು. ಆ ವರ್ಷಗಳಲ್ಲಿ ಮುಂಬಯಿಯ ಹೆಂಗಸರು ಬೆಲೆಯೇರಿಕೆಯ ವಿರುದ್ಧ ಲಟ್ಟಣಿಗೆ ಹಿಡಿದು ಬೀದಿಗಿಳಿಯುವುದು ರೂಢಿಯಾಗಿತ್ತು. ನಮ್ಮ ಗೇಟಿಗೆ ಬಂದವರು ಎದುರಿನ ಗುಡ್ಡದ ಚಾಳುಗಳ ಹೆಂಗಸರು. ಒಂದು ಕೈಯಲ್ಲಿ ಲಟ್ಟಣಿಗೆ, ಇನ್ನೊಂದರಲ್ಲಿ ಖಾಲಿ ಡಬ್ಬಿ. ಡಬ್ಬಿಯ ಮೇಲೆ ಲಟ್ಟಣಿಗೆ ಬಡಿಯುವ ಸದ್ದಿಗೆ ಆಫೀಸಿನಲ್ಲಿ ಫೋನು ಕೇಳಿಸುತ್ತಿರಲಿಲ್ಲ. ಆಗಷ್ಟೇ ಸೀಮೆಎಣ್ಣೆ ತುಂಬಿಕೊಂಡು ಹೊರಟಿದ್ದ ಒಂದು ಟ್ಯಾಂಕರ್ ಲಾರಿ ಗೇಟಿನ ಹೊರಗೆ ಸಿಕ್ಕಿಬಿದ್ದಿತ್ತು. ಹೆಂಗಸರು ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು.

ಫೋರ್ಟ್ ಭಾಗದ ಹೆಡ್ ಆಫೀಸಿನಿಂದ ನಮ್ಮ ದೊಡ್ಡ ಸಾಹೇಬರ ಫೋನು ಬಂತು. ಗೇಟು ತೆರೆಯಬಾರದು, ಲಾರಿ ಹೋಗಬೇಕು, ಗಲಾಟೆ ಆಗಬಾರದು, ಪೇಪರಿನಲ್ಲಿ ಹೆಸರು ಬರಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಪೊಲೀಸರಿಗೆ ತಿಳಿಸಿದ್ದೇನೆ ಅಂತಲೂ ಹೇಳಿದರು. ಪೊಲೀಸರು ಬಂದರೆ ಲಾಠಿ ಬರುತ್ತದೆ. ಎಣ್ಣೆ ಡಿಪೋದ ಬಾಗಿಲಲ್ಲಿ, ತುಂಬಿದ ಲಾರಿಯ ಮುಂದೆ ನೂಕುನುಗ್ಗಲು ಅಂದರೆ ಏನು ಅಂತ ಫೋರ್ಟಿನಲ್ಲಿ ಫ್ಯಾನಿನ ಕೆಳಗೆ ಕುಳಿತವರಿಗೆ ಗೊತ್ತಾಗುವುದಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

ನಾನು ಗೇಟಿಗೆ ಹೋದೆ. ನಮ್ಮ ವಾಚ್‌ಮನ್ ಸಾವಂತ ಮರಾಠಿಯಲ್ಲಿ ಕೈಮುಗಿದು ಹೇಳುತ್ತಿದ್ದ, ಯಾರೂ ಕೇಳುತ್ತಿರಲಿಲ್ಲ. ನಾನು ನನ್ನಷ್ಟಕ್ಕೆ ಗೊಣಗಿದೆ: "ಏನ್ ಮಂದಿನೋ ಏನೋ, ಎಷ್ಟ್ ಹೇಳಿದ್ರೂ ತಿಳಿಯಂಗಿಲ್ಲ."

ಗೇಟಿನ ಆಚೆಯಿಂದ ತಟ್ಟನೆ ಉತ್ತರ ಬಂತು. "ಹೇಳಿದ್ರ ತಿಳೀತೈತಿ ಯಪ್ಪಾ. ಹೇಳೂದೆಲ್ಲಾ ಸುಳ್ಳ ಹೇಳಿದ್ರ ಹೆಂಗ ತಿಳಕೋಬೇಕು?"

ಮೋರ್ಚಾದ ಮುಂದೆ ನಿಂತಿದ್ದವಳೇ ಮಾತಾಡಿದ್ದು. ನಲವತ್ತರ ಆಸುಪಾಸು, ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ, ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಕೈ. ಹೆಸರು ಚನ್ನವ್ವ, ವಿಜಾಪುರದ ಕಡೆಯವಳು. ಗಂಡ ತೀರಿದ ಮೇಲೆ ಗುಡ್ಡದ ಚಾಳಿನ ಒಂದು ಖೋಲಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಬಿಲ್ಡಿಂಗ್ ಕೆಲಸಕ್ಕೆ ಬಂದ ನಮ್ಮ ಕಡೆಯ ಹುಡುಗರು ಅವಳಲ್ಲಿ ಎರಡು ಹೊತ್ತು ರೊಟ್ಟಿ, ಝುಣಕ, ಪುಂಡಿ ಪಲ್ಯ ಉಣ್ಣುತ್ತಿದ್ದರು. ಚಾಳಿನಲ್ಲಿ ಕಟ್ಟಿಗೆ ಒಲೆಗೆ ಪರವಾನಗಿ ಇರಲಿಲ್ಲ, ಅಡಿಗೆಯೆಲ್ಲ ಸ್ಟೋವಿನ ಮೇಲೆ. ಎರಡು ದಿನದಿಂದ ಒಲೆ ಹತ್ತಿರಲಿಲ್ಲ.

"ಇನ್ನ ನಾಕ ದಿನ ಹಿಂಗಾ ಆದ್ರ ಹುಡುಗ್ರು ಬ್ಯಾರೆ ಖಾನಾವಳಿ ಹಿಡೀತಾರ," ಅಂದಳು. "ಹೊಟ್ಟಿ ಯಾರ ಸಲುವಾಗಿ ಕಾಯ್ತೈತ್ರಿ? ಹೋದಾವ್ರು ತಿರುಗಿ ಬರಂಗಿಲ್ಲ. ಆಮ್ಯಾಲ ನಾ ಊರಿಗೆ ಹೋಗಿ ಮೈದುನನ ಮನ್ಯಾಗ ತಾಟ ತೊಳಕೋತ ಕುಂದರಬೇಕು. ನಾ ಹೋಗಾಕಿ ಅಲ್ಲ."

"ಅವ್ವಾ, ಒಳಗ ಎಣ್ಣಿ ಇಲ್ಲ. ಇದ್ದದ್ದು ಈ ಲಾರಿಗೆ ಹಾಕಿ ಕೊಟ್ಟೀನಿ. ಮುಂದಿನ ಹಡಗು ಬರೂತನಾ ಖಾಲಿ," ಅಂದೆ.

ಅವಳು ಲಟ್ಟಣಿಗೆ ಎತ್ತಿ ನನ್ನ ಹಿಂದಿನ ಟಾಂಕಿಯ ಕಡೆ ತೋರಿಸಿದಳು. "ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರಿ? ಕಾಂಟಾ ನೋಡ್ರಿ. ನೆತ್ತಿ ಮ್ಯಾಲ ನಿಂತೈತಿ. ದಿನಾ ನಳದ ಹತ್ತರ ಕೊಡ ಹಿಡಕೊಂಡು ಪಾಳಿಯೊಳಗ ನಿಂತಾಗ ನೋಡ್ತೀವಿ. ಟಾಂಕಿ ಕಂಠದ ತನಾ ತುಂಬೈತಿ, ನೀವು ಇಲ್ಲ ಅಂತೀರಿ."

ಹಿಂದಿನ ಹೆಂಗಸರೆಲ್ಲ ಒಟ್ಟಿಗೆ, "ಕಾಂಟಾ ವರ ಆಹೇ!", ಕಾಂಟಾ ಮೇಲಿದೆ, ಅಂತ ಕೂಗಿದರು.

ನಾನು ತಿರುಗಿ ನೋಡಿದೆ. ಅಲ್ಲಿಯವರೆಗೆ ಈ ವಿಷಯ ನನಗೆ ಹೊಳೆದೇ ಇರಲಿಲ್ಲ. ನಮ್ಮ ಟಾಂಕಿಗಳ ಹೊರಮೈಗೆ ತಳದಿಂದ ತುದಿಯವರೆಗೆ ಒಂದು ಉದ್ದ ಹಲಗೆ, ಅದರ ಮೇಲೆ ಜಾರುವ ಕೆಂಪು ಕಾಂಟಾ, ಅಂದರೆ ಅಳತೆ ತೋರಿಸುವ ಮುಳ್ಳು, ಇರುತ್ತಿತ್ತು. ಟಾಂಕಿಯೊಳಗೆ ಎಣ್ಣೆಯ ಮೇಲೆ ತೇಲುವ ಪೊಳ್ಳು ಡಬ್ಬಿಯೊಂದಿದೆ, ಅದಕ್ಕೆ ಫ್ಲೋಟ್ ಅನ್ನುತ್ತೇವೆ. ಫ್ಲೋಟಿಗೆ ಕಟ್ಟಿದ ತಂತಿ ಟಾಂಕಿಯ ತುದಿಯಲ್ಲಿ ರಾಟೆಯ ಮೇಲೆ ಹಾದು ಹೊರಗೆ ಇಳಿಯುತ್ತದೆ. ಆ ತಂತಿಯ ಕೊನೆಗೇ ಕೆಂಪು ಕಾಂಟಾ. ಒಳಗೆ ಎಣ್ಣೆ ಏರಿದರೆ ಹೊರಗೆ ಕಾಂಟಾ ಇಳಿಯುತ್ತದೆ. ಒಳಗೆ ಎಣ್ಣೆ ಇಳಿದರೆ ಹೊರಗೆ ಕಾಂಟಾ ಏರುತ್ತದೆ. ಹಲಗೆಯ ಮೇಲಿನ ಅಂಕಿಗಳನ್ನೂ ಅದಕ್ಕೇ ತಲೆಕೆಳಗಾಗಿ ಬರೆದಿರುತ್ತಾರೆ, ಸೊನ್ನೆ ಎಲ್ಲಕ್ಕಿಂತ ಮೇಲೆ. ಹತ್ತಿರ ನಿಂತು ಓದುವ ನಮಗೆ ಅದು ಕಣ್ಣಿಗೆ ಒಗ್ಗಿಹೋಗಿತ್ತು. ಗುಡ್ಡದ ನಳದ ಹತ್ತಿರ ನಿಂತವರಿಗೆ ಅಂಕಿ ಕಾಣುವುದಿಲ್ಲ, ಕೆಂಪು ಚುಕ್ಕೆಯೊಂದೇ ಕಾಣುತ್ತದೆ. ಖಾಲಿ ಟಾಂಕಿ ಅವರಿಗೆ ತುಂಬಿದ ಟಾಂಕಿಯಾಗಿ ಕಂಡಿದೆ. ನನಗೆ ನಗು ಬಂತು. ಅವಳಿಗೆ ಇನ್ನೂ ಸಿಟ್ಟು ಬಂತು.

"ನಗ್ರಿ, ನಗ್ರಿ. ನಿಮ್ಮ ಮನ್ಯಾಗ ಸ್ಟೋವ್ ಹತ್ತಿರಬೇಕು."

"ಇಲ್ಲವ್ವಾ, ನಮ್ಮನ್ಯಾಗೂ ಆರೈತಿ," ಅಂದೆ. "ಒಂದು ಮಾತು ಹೇಳು. ಊರಾಗ ಬಾವಿಗೆ ರಾಟಿ ಇತ್ತೋ ಇಲ್ಲೋ?"

"ಇತ್ತು."

"ಕೊಡ ಮ್ಯಾಲ ಬರಬೇಕಾದ್ರ ನಿನ್ನ ಕೈಯಾಗಿನ ಹಗ್ಗ ಎಲ್ಲಿಗೆ ಹೊಕ್ಕೈತಿ?"

"ಕೆಳಗ."

"ಕೊಡ ಒಳಗ ಐತಿ. ಕಾಂಟಾ ಅಂದ್ರ ನಿನ್ನ ಕೈ."

ಅವಳು ಟಾಂಕಿಯನ್ನು ನೋಡಿದಳು, ನನ್ನನ್ನು ನೋಡಿದಳು. ಮಾತಿಗೆ ಮರುಳಾಗುವ ಹೆಂಗಸಲ್ಲ ಅವಳು. "ಕೇಳಾಕ ಚಂದ ಐತಿ," ಅಂದಳು. "ನಾ ಹತ್ತಿ ನೋಡ್ತೀನಿ."

ಹೊರಗಿನವರನ್ನು ಟಾಂಕಿಯ ಮೇಲೆ ಹತ್ತಿಸುವುದು ನಿಯಮಕ್ಕೆ ವಿರುದ್ಧ. ಸಾವಂತ ನನ್ನ ಮುಖ ನೋಡಿದ. ನಾನು ಒಂದು ಕ್ಷಣ ಯೋಚಿಸಿ ಹೂಂ ಅಂದೆ. ಪೊಲೀಸ್ ವ್ಯಾನು ಬರುವುದರೊಳಗೆ ಈ ಜಗಳ ಮುಗಿಯಬೇಕಾಗಿತ್ತು, ಅದಕ್ಕೆ ಬೇರೆ ದಾರಿ ನನಗೆ ಕಾಣಲಿಲ್ಲ. ಅವಳ ಸೊಂಟದಲ್ಲಿದ್ದ ಕಡ್ಡಿಪೆಟ್ಟಿಗೆ, ಕಾಲಿನ ಮೊಳೆ ಹೊಡೆದ ಚಪ್ಪಲಿ ಗೇಟಿನಲ್ಲಿಡಿಸಿದೆವು. ಲಟ್ಟಣಿಗೆಯನ್ನೂ ಕೊಡು ಅಂದ ಸಾವಂತನಿಗೆ ಅವಳು, "ಇದು ಕಟ್ಟಿಗೀದು, ಕಿಡಿ ಹಾರಂಗಿಲ್ಲ," ಅಂತ ಹೇಳಿ ಹಿಡಿದುಕೊಂಡೇ ನಡೆದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಟಾಂಕಿಯ ಸುತ್ತ ಸುತ್ತಿಕೊಂಡು ಏರುವ ಕಬ್ಬಿಣದ ಮೆಟ್ಟಿಲು. ಮುಂದೆ ನಾನು, ಹಿಂದೆ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿಕೊಂಡ ಚನ್ನವ್ವ. ತುದಿಯಲ್ಲಿ ಒಂದು ಸಣ್ಣ ಮುಚ್ಚಳವಿದೆ. ಅದನ್ನು ತೆರೆದು ಹಿತ್ತಾಳೆಯ ಗುಂಡು ಕಟ್ಟಿದ ಟೇಪನ್ನು ಒಳಗೆ ಇಳಿಬಿಟ್ಟು, ಗುಂಡು ತಳ ಮುಟ್ಟಿದ ಮೇಲೆ ಮೇಲಕ್ಕೆಳೆದು, ಎಲ್ಲಿಯವರೆಗೆ ಒದ್ದೆಯಾಗಿದೆ ಅಂತ ನೋಡುತ್ತೇವೆ. ಇದಕ್ಕೆ ಡಿಪ್ ತೆಗೆಯುವುದು ಅಂತ ಹೆಸರು. ಹೊರಗಿನ ಕಾಂಟಾ ಸುಮಾರು ಲೆಕ್ಕ, ಡಿಪ್ ಪಕ್ಕಾ ಲೆಕ್ಕ. ಮುಚ್ಚಳ ತೆರೆದ ಕೂಡಲೇ ವಾಸನೆ ಎದ್ದು ಬಂತು. ಚನ್ನವ್ವ ಮುಖ ತಿರುಗಿಸಲಿಲ್ಲ. "ಈ ವಾಸನಿ ಮೂಗಿಗೆ ಬಿದ್ದು ಎಷ್ಟ ದಿನ ಆತು ಯಪ್ಪಾ," ಅಂದಳು. ಆಗ ಅವಳ ದನಿ ಮೆತ್ತಗಾಗಿತ್ತು. ನನಗೆ ಪಾಪ ಅನಿಸಿತು.

ಟೇಪನ್ನು ಅವಳ ಕೈಗೇ ಕೊಟ್ಟೆ. ಅವಳು ಇಳಿಬಿಟ್ಟಳು, ತಳ ಮುಟ್ಟಿದ್ದು ಕೈಗೆ ತಿಳಿಯಿತು, ಮೇಲಕ್ಕೆಳೆದಳು. ಟೇಪು ಉದ್ದಕ್ಕೂ ಒಣಗಿತ್ತು. ಕೊನೆಗೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಮಾತ್ರ ಒದ್ದೆ. ಅವಳು ತನ್ನ ಗೇಣಿನಿಂದ ಎರಡು ಸಲ ಅಳೆದು ನೋಡಿದಳು.

"ಇಷ್ಟಾರೆ ಐತಲ್ಲ. ಇದನ್ನಾರ ಕೊಡ್ರಿ."

"ಕೊಡಾಕ ಬರಂಗಿಲ್ಲ. ಎಣ್ಣಿ ಹೊರಗ ಹೋಗೂ ಪೈಪು ಇದಕ್ಕಿಂತ ಮ್ಯಾಲ ಐತಿ. ಅದರ ಕೆಳಗಿಂದು ತಳಕ್ಕ ನಿಂತದ್ದು. ನೀರು, ಕೆಸರು ಎಲ್ಲಾ ಕೂಡೇ ಇರ್ತೈತಿ. ನಮ್ಮ ಭಾಷೆದಾಗ ಅದಕ್ಕ ಡೆಡ್ ಸ್ಟಾಕ್ ಅಂತೀವಿ."

"ಗಸಿ ಅನ್ರಿ," ಅಂದಳು. ಆಮೇಲೆ ಕಣ್ಣು ಕಿರಿದು ಮಾಡಿ ಕೇಳಿದಳು: "ಪೇಪರ್ದಾಗ ಇಷ್ಟು ಸಾಠಾ ಐತಿ ಅಂತ ಹಾಕ್ತಾರಲ್ಲ, ಅದರಾಗ ಈ ಗಸಿನೂ ಹಿಡೀತೀರೇನು?"

ಹಿಡಿಯುತ್ತಿದ್ದೆವು. ಟಾಂಕಿಯಲ್ಲಿ ಇದ್ದದ್ದೆಲ್ಲ ಸಾಠಾ. ಕೊಡಲು ಬರುವುದೆಷ್ಟು, ಬಾರದ್ದೆಷ್ಟು ಅಂತ ನಮ್ಮೊಳಗೆ ಗೊತ್ತಿತ್ತೇ ಹೊರತು ಪೇಪರಿಗೆ ಹೋಗುವ ಒಂದೇ ಅಂಕಿಯಲ್ಲಿ ಅದು ಕಾಣುತ್ತಿರಲಿಲ್ಲ. ಒಂದು ಡಿಪೋದ್ದಾದರೆ ಗಸಿ, ಊರಿನ ಎಲ್ಲ ಟಾಂಕಿಗಳದು ಸೇರಿದರೆ ಓದುವವನಿಗೆ ಸಮುದ್ರ. ಹೌದು, ಹಿಡಿಯುತ್ತೇವೆ ಅಂದೆ.

"ಹಂಗಾರ ನಾವು ನಂಬಲಿಲ್ಲಂದ್ರ ತಪ್ಪೇನೈತಿ? ನನ್ನ ಖಾನಾವಳ್ಯಾಗ ಬೋಗಾಣಿ ತಳಕ್ಕ ಸೀದದ್ದನ್ನ ಅನ್ನ ಐತಿ ಅಂತ ನಾ ಹುಡುಗ್ರಿಗೆ ಹೇಳಂಗಿಲ್ಲ."

ಇಷ್ಟಕ್ಕೇ ಇಳಿದು ಬಂದಿದ್ದರೆ ನನ್ನ ಗೆಲುವು. ಟಾಂಕಿ ಖಾಲಿ ಅಂತ ರುಜುವಾತಾಗಿತ್ತು. ಆದರೆ ಅವಳು ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಏನೋ ಲೆಕ್ಕ ಹಾಕುತ್ತಿದ್ದಳು.

"ಸಾಹೇಬ್ರ. ಕಾಂಟಾ ಮ್ಯಾಲಿದ್ರ ಖಾಲಿ. ಹಂಗಾರ ಕೆಳಗಿದ್ರ ತುಂಬೈತಿ ಅಂತ ಆತು. ಹೋದ ಅಮಾಸಿ ಮುಂದ ಕಾಂಟಾ ನೆಲಕ್ಕ ಬಂದಿತ್ತು. ಎಣ್ಣಿ ಮುಗೀತು ಅಂತ ನಳದ ಹತ್ತರ ಎಲ್ಲಾರೂ ತಲಿಗೆ ಕೈ ಹಚ್ಚಿಕೊಂಡಿವಿ. ಆಮ್ಯಾಲ ಎಂಟು ದಿನ ಇಷ್ಟಿಷ್ಟ ಏರಕೋತ ಬಂತು. ಏರೂದಂದ್ರ ನೀವು ಕೊಡಾಕ ಹತ್ತೀರಿ. ಆ ಎಂಟು ದಿನಾನೂ ನಮ್ಮ ಅಂಗಡ್ಯಾಗ ಶಿಲ್ಲಕ್ ನಾಹಿ. ಎಲ್ಲಿಗೆ ಹೋತು?"

ನಾನು ಕಲಿಸಿದ ಪಾಠವನ್ನು ಅವಳು ನನ್ನ ಕೊರಳಿಗೇ ಸುತ್ತಿದಳು. ಅವಳು ಹೇಳಿದ್ದು ನಿಜ. ಅಮಾವಾಸ್ಯೆಯ ಮುಂದೆ ಹಡಗು ಬಂದಿತ್ತು, ಟಾಂಕಿ ತುಂಬಿತ್ತು, ನಾವು ದಿನವೂ ಲಾರಿ ಕಳಿಸಿದ್ದೆವು. ಯಾವ ಅಂಗಡಿ ಅಂತ ಕೇಳಿದೆ. ಹೇಳಿದಳು. ಅದು ನನಗೆ ಚೆನ್ನಾಗಿ ಗೊತ್ತಿದ್ದ ಡೀಲರ್. ಅವನ ಲಾರಿ ಆ ವಾರ ನನ್ನ ಕಣ್ಣೆದುರೇ ತುಂಬಿಕೊಂಡು ಹೋಗಿತ್ತು. ಇವತ್ತು ಗೇಟಿನ ಹೊರಗೆ ಹೆಂಗಸರು ತಡೆದು ಕುಳಿತಿದ್ದ ಲಾರಿಯೂ ಅವನದೇ.

ಕೆಳಗೆ ಬಂದು ಆ ಲಾರಿಯನ್ನು ತೋರಿಸಿದೆ. "ಇದು ನಿಮ್ಮ ಅಂಗಡಿಗೇ ಹೊಂಟಿದ್ದು. ಇದನ್ನ ನೀವಾ ಹಿಡಿದು ನಿಲ್ಲಿಸೀರಿ."

ಚನ್ನವ್ವ ತನ್ನವರ ಹತ್ತಿರ ಹೋಗಿ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ರಾಟೆಯ ಕತೆ ಹೇಳಿದಳು. ಟೇಪು ಇಳಿಬಿಟ್ಟ ಕೈಯನ್ನು ಎಲ್ಲರಿಗೂ ಮೂಸಲು ಕೊಟ್ಟಳು. ಹೆಂಗಸರು ಎದ್ದು ದಾರಿ ಬಿಟ್ಟರು. ಆದರೆ ಚನ್ನವ್ವ ಲಾರಿಯ ಬಾಗಿಲು ತೆರೆದು ಕ್ಯಾಬಿನ್ನಿನಲ್ಲಿ ಕುಳಿತೇಬಿಟ್ಟಳು, ತೊಡೆಯ ಮೇಲೆ ಲಟ್ಟಣಿಗೆ. "ನಮ್ಮ ಅಂಗಡಿಗೇ ಅಲ್ಲೇನು? ನಾನೂ ಅಲ್ಲಿಗೇ ಹೊಂಟೀನಿ," ಅಂದಳು.

ಡ್ರೈವರನ ಮುಖ ಕಪ್ಪಿಟ್ಟಿತು. ಹೆಂಗಸರನ್ನು ಕೂರಿಸಿಕೊಳ್ಳುವ ಹಾಗಿಲ್ಲ, ದಾರಿಯಲ್ಲಿ ಬೇರೆ ಕೆಲಸವಿದೆ ಅಂತ ತೊದಲಿದ. ತುಂಬಿದ ಟ್ಯಾಂಕರಿಗೆ ದಾರಿಯಲ್ಲಿ ಏನು ಬೇರೆ ಕೆಲಸ? ನಾನೂ ಹತ್ತಿ ಅವಳ ಪಕ್ಕ ಕುಳಿತೆ. ಖಾಲಿ ಟಾಂಕಿ ಕಾಯುವುದಕ್ಕೆ ಸಾವಂತನೊಬ್ಬ ಸಾಕು. ಸಾಹೇಬರ ಫೋನು ಬಂದರೆ ಲಾರಿ ಹೋಯಿತು ಅಂತ ಹೇಳು ಅಂದೆ. ಅದು ಸುಳ್ಳೂ ಆಗಿರಲಿಲ್ಲ. ಪೊಲೀಸ್ ವ್ಯಾನು ನಮಗೆ ತಿರುವಿನಲ್ಲಿ ಎದುರಾಯಿತು, ಡಿಪೋದ ಮುಂದೆ ಆಗ ಯಾರೂ ಉಳಿದಿರಲಿಲ್ಲ.

ಅಂಗಡಿಗೆ ಹೋಗುವ ರಸ್ತೆಯಲ್ಲಿ ಒಂದು ಟ್ರಕ್ ಗ್ಯಾರೇಜಿದೆ. ಅದರ ಮುಂದೆ ಬಂದಾಗ ಡ್ರೈವರ್ ಅಭ್ಯಾಸಬಲದಿಂದ ಗೇರು ಇಳಿಸಿದ. ಒಳಗಿನಿಂದ ಇಬ್ಬರು ರಬ್ಬರ್ ಪೈಪು ಹಿಡಿದು ಹೊರಗೆ ಬಂದರು, ಕ್ಯಾಬಿನ್ನಿನಲ್ಲಿ ನಮ್ಮನ್ನು ಕಂಡು ಪೈಪನ್ನು ಬೆನ್ನ ಹಿಂದೆ ಅಡಗಿಸಿದರು. ಸೀಮೆಎಣ್ಣೆ ಅಗ್ಗ, ಡೀಸೆಲ್ ತುಟ್ಟಿ. ಒಂದರಲ್ಲಿ ಇನ್ನೊಂದನ್ನು ಬೆರೆಸಿದರೆ ಟ್ರಕ್ಕು ಓಡುತ್ತದೆ, ಬಡವರ ಸ್ಟೋವು ಆರುತ್ತದೆ. ಅಮಾವಾಸ್ಯೆಯ ಎಣ್ಣೆ ಎಲ್ಲಿಗೆ ಹೋಗಿತ್ತು ಅಂತ ಇನ್ನು ಯಾರೂ ಹೇಳಬೇಕಾಗಿರಲಿಲ್ಲ. ಚನ್ನವ್ವ ಒಂದೇ ಮಾತು ಹೇಳಿದಳು: "ದೇವ್ರ ಕೊಟ್ರೂ ಪೂಜಾರಿ ಕೊಡವಲ್ಲ."

ಆ ದಿನ ಲಾರಿಯ ಎಣ್ಣೆ ಒಂದು ತೊಟ್ಟೂ ಬಿಡದೆ ಅಂಗಡಿಗೆ ಇಳಿಯಿತು. ನಾನು ಅಲ್ಲಿಂದಲೇ ರೇಶನಿಂಗ್ ಆಫೀಸಿಗೆ ಫೋನು ಮಾಡಿ ಇನ್‌ಸ್ಪೆಕ್ಟರನ್ನು ಕರೆಸಿದೆ. ಡ್ರೈವರ್ ಹೆದರಿ ಎಲ್ಲ ಹೇಳಿದ. ಡೀಲರನ ಲೈಸೆನ್ಸು ಹೋಯಿತು, ಪಾಳಿಯಲ್ಲಿ ನಿಂತವರಿಗೆಲ್ಲ ಎಣ್ಣೆ ಸಿಕ್ಕಿತು. ಸಂಜೆ ಚನ್ನವ್ವನ ಖಾನಾವಳಿಯ ಸ್ಟೋವು ಹತ್ತಿತು, ಅವಳ ಹುಡುಗರು ಒಬ್ಬರೂ ಬಿಟ್ಟುಹೋಗಿರಲಿಲ್ಲ. ನನಗೆ ಬಹಳ ಹೆಮ್ಮೆಯಾಯಿತು, ಮನೆಗೆ ಹೋಗಿ ಹೆಂಡತಿಗೆ ಎರಡು ಸಲ ಹೇಳಿದೆ.

ದೊಡ್ಡ ಸಾಹೇಬರಿಗೆ ಹೆಮ್ಮೆಯೇನೂ ಆಗಲಿಲ್ಲ. ಹೊರಗಿನವಳನ್ನು ಟಾಂಕಿ ಹತ್ತಿಸಿದ್ದಕ್ಕೆ ಹೆಡ್ ಆಫೀಸಿಗೆ ಕರೆಸಿ ಚೆನ್ನಾಗಿ ಬೈದರು. ಬೈಸಿಕೊಂಡೆ, ನಿಯಮ ಮುರಿದವನು ನಾನೇ. ಆಮೇಲೆ ಅವರು, ಗೇಜಿನ ಹಲಗೆಗಳಿಗೆ ತಗಡು ಹೊಡೆಸಿ, ರಸ್ತೆಯವರಿಗೆ ಕಾಂಟಾ ಕಾಣಬಾರದು ಅಂದರು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. "ತಗಡು ಹೊಡೆಸುತ್ತೇನೆ ಸಾರ್. ಆದರೆ ಮರುದಿನ ಮೋರ್ಚಾ ಬಂದಾಗ ಗೇಟಿನಲ್ಲಿ ನೀವು ನಿಲ್ಲಬೇಕು," ಅಂದೆ. ತಗಡಿನ ಮಾತು ಅಲ್ಲಿಗೇ ನಿಂತಿತು. ಅಷ್ಟಕ್ಕೆ ಬಿಡದೆ ನಾನು ಗೇಟಿನ ಹೊರಗೆ ಮರಾಠಿಯಲ್ಲೂ ಕನ್ನಡದಲ್ಲೂ ದೊಡ್ಡಕ್ಷರದಲ್ಲಿ ಒಂದು ಹಲಗೆ ಬರೆಸಿದೆ: ಕಾಂಟಾ ಮೇಲೆ ಇದ್ದರೆ ಟಾಂಕಿ ಖಾಲಿ, ಕೆಳಗೆ ಇದ್ದರೆ ತುಂಬಿದೆ. ಅದರ ಕೆಳಗೆ ದಿನವೂ ಸೀಮೆಸುಣ್ಣದಲ್ಲಿ ಎರಡು ಸಾಲು: ಟಾಂಕಿಯಲ್ಲಿ ಇರುವುದು ಇಷ್ಟು, ಕೊಡಲು ಬರುವುದು ಇಷ್ಟು. ಸಾಲುಗಳನ್ನು ಬರೆಯುವ ಕೆಲಸ ಸಾವಂತನದು. ಅವನಿಗೆ ಅದರಿಂದ ಚಾಳಿನಲ್ಲಿ ಭಾರೀ ಮರ್ಯಾದೆ ಬಂತು.

ಕತೆ ಇಲ್ಲಿಗೆ ಮುಗಿದಿದ್ದರೆ ಪಾಠ ಸುಲಭವಿತ್ತು. ಜನರಿಗೆ ನಿಜ ತೋರಿಸಿ, ನಂಬುತ್ತಾರೆ, ಅಷ್ಟೇ. ನಾನೂ ಕೆಲವು ವಾರ ಹಾಗೆಯೇ ತಿಳಿದು ಮೀಸೆ ತಿರುವುತ್ತಿದ್ದೆ.

ಮಳೆಗಾಲ ಬಂತು. ಸಮುದ್ರ ಕೆಟ್ಟು, ಬರಬೇಕಾದ ಹಡಗು ತಡವಾಯಿತು. ಕೆಂಪು ಕಾಂಟಾ ದಿನದಿಂದ ದಿನಕ್ಕೆ ಏರಿ ತುದಿಗೆ ಹೋಗಿ ನಿಂತಿತು. ಹೊಸ ಡೀಲರನ ಅಂಗಡಿಯಲ್ಲಿ ಹಲಗೆ ನೇತಾಡಿತು, ಈ ಸಲ ಅದು ಸುಳ್ಳಾಗಿರಲಿಲ್ಲ. ಇನ್ನೇನು ಲಟ್ಟಣಿಗೆ ಮೋರ್ಚಾ ಬರುತ್ತದೆ ಅಂತ ನಾನು ಸಾವಂತನಿಗೆ ಹೇಳಿ ಸಿದ್ಧನಾದೆ. ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಅದರ ಮರುದಿನವೂ ಗೇಟಿನ ಮುಂದೆ ಮಳೆ ಬಿಟ್ಟರೆ ಬೇರೆ ಸದ್ದಿಲ್ಲ.

ನನಗೆ ತಡೆಯಲಾಗಲಿಲ್ಲ. ಡ್ಯೂಟಿ ಮುಗಿಸಿ ಗುಡ್ಡ ಹತ್ತಿ ಚನ್ನವ್ವನ ಖೋಲಿಗೆ ಹೋದೆ. ಬಾಗಿಲಿಗೆ ಬೀಗ. ಪಕ್ಕದವರು ಕಟ್ಟಡದ ಕೆಲಸ ನಡೆಯುವ ಜಾಗ ತೋರಿಸಿದರು. ಅಲ್ಲಿ, ತಾಡಪಾಲಿನ ಕೆಳಗೆ ಮೂರು ಇಟ್ಟಿಗೆ ಇಟ್ಟು, ಒದ್ದೆ ಹಲಗೆ ಚೂರು ಉರಿಸಿ ಅವಳು ರೊಟ್ಟಿ ಬೇಯಿಸುತ್ತಿದ್ದಳು. ಹೊಗೆಗೆ ಕಣ್ಣು ಕೆಂಪಾಗಿದ್ದವು. ರೊಟ್ಟಿ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿ. ಹುಡುಗರಲ್ಲಿ ಅರ್ಧ ಜನ ಮಾತ್ರ ಕುಳಿತಿದ್ದರು, ಉಳಿದವರು ಬೇರೆ ಖಾನಾವಳಿ ಹಿಡಿದಾಗಿತ್ತು.

"ಚನ್ನವ್ವಾ, ಗೇಟಿಗೆ ಯಾಕ ಬರಲಿಲ್ಲ?"

ಅವಳು ರೊಟ್ಟಿ ತಿರುವಿ ಹಾಕಿದಳು. "ಬಂದು ಏನ್ ಮಾಡೂದ್ರಿ? ಕಾಂಟಾ ಮ್ಯಾಲೈತಿ, ಖಾಲಿ ಐತಿ ಅಂತ ಗೊತ್ತೈತಲ್ಲ. ನಿಮಗ ಯಾಕ ಸುಮ್ಮನ ತ್ರಾಸು ಕೊಡೂದು?"

ನಾನು ಗುಡ್ಡ ಇಳಿದೆ. ಮಳೆಯಲ್ಲೇ ಡಿಪೋಗೆ ತಿರುಗಿ ಬಂದು ದೊಡ್ಡ ಸಾಹೇಬರಿಗೆ ಫೋನು ಹಚ್ಚಿದೆ. ಗೋರೆಗಾಂವ್ ಕಡೆ ನಮ್ಮದೇ ಇನ್ನೊಂದು ಸಣ್ಣ ಡಿಪೋ ಇತ್ತು. ಅಲ್ಲಿ ಸೀಮೆಎಣ್ಣೆ ಇನ್ನೂ ಸ್ವಲ್ಪ ಉಳಿದಿದೆ ಅಂತ ನನಗೆ ಗೊತ್ತಿತ್ತು. ಅದರಲ್ಲಿ ನಮ್ಮ ಗುಡ್ಡಕ್ಕೆ ಒಂದು ಪಾಲು ಬೇಕು ಸಾರ್, ಅಂದೆ.

ಸಾಹೇಬರು ಪ್ರಾಮಾಣಿಕವಾಗಿಯೇ ಕೇಳಿದರು: "ನಿಮ್ಮ ಕಡೆ ಗಲಾಟೆ ಏನೂ ಇಲ್ಲವಲ್ಲ? ದಾದರಿನಲ್ಲಿ ಮೋರ್ಚಾ ಇದೆ, ಪರೇಲಿನಲ್ಲಿ ಇದೆ. ಗಲಾಟೆ ಇದ್ದಲ್ಲಿಗೆ ಮೊದಲು ಕಳಿಸುತ್ತಿದ್ದೇವೆ. ನಿಮ್ಮವರು ಸುಮ್ಮನಿದ್ದಾರೆ, ನಿಮಗೇನು ಅವಸರ?"

ಆಗ ನನಗೆ ಅರ್ಥವಾಯಿತು. ನಂಬದೆ ಕೂಗಿದವರಿಗೆ ಎಣ್ಣೆ, ನಂಬಿ ಸುಮ್ಮನಿದ್ದವಳಿಗೆ ಇಟ್ಟಿಗೆ ಒಲೆ. ಅವಳನ್ನು ನಂಬಿಸಿದವನು ನಾನು. ಟಾಂಕಿಯ ಮೇಲೆ ಹತ್ತಿಸಿ, ಕೈಗೆ ಟೇಪು ಕೊಟ್ಟು ನಂಬಿಸಿದವನು.

"ಸುಮ್ಮನಿದ್ದಾರೆ ಅಂತಲೇ ಕೇಳುತ್ತಿದ್ದೇನೆ ಸಾರ್," ಅಂದೆ. "ಅವರ ಗಲಾಟೆ ಇವತ್ತಿನಿಂದ ನನ್ನದು. ಲಾರಿ ಸಿಗುವವರೆಗೆ ನಾನು ಫೋನು ಇಡುವುದಿಲ್ಲ."

ಇಡಲಿಲ್ಲ. ಅವರು ಇಟ್ಟರೆ ಮತ್ತೆ ಹಚ್ಚಿದೆ. ಅವರ ಮೇಲಿನವರಿಗೂ ಹಚ್ಚಿದೆ, ರೇಶನಿಂಗ್ ಆಫೀಸಿಗೂ ಹಚ್ಚಿದೆ, ಬೈಸಿಕೊಂಡೆ, ತಿರುಗಿ ಬೈದೆ. ಮರುದಿನ ಮಧ್ಯಾಹ್ನ ಗೋರೆಗಾಂವಿನಿಂದ ಲಾರಿ ಬಂತು. ಚನ್ನವ್ವ ಇಟ್ಟಿಗೆ ಒಲೆ ಕೆಡಿಸಿ ಖೋಲಿಯ ಬೀಗ ತೆಗೆದಳು, ಹೋದ ಹುಡುಗರಲ್ಲಿ ಹೆಚ್ಚಿನವರು ರೊಟ್ಟಿಯ ಸಪ್ಪಳಕ್ಕೆ ತಿರುಗಿ ಬಂದರು. ಅವಳು ಮೈದುನನ ಮನೆಗೆ ಹೋಗಲಿಲ್ಲ.

ಆಮೇಲೆ ಎಷ್ಟೋ ಕೊರತೆಗಳು ಬಂದವು, ಹೋದವು. ಕೊರತೆ ನಿಜವೋ ಸುಳ್ಳೋ ಅಂತ ಜನ ಕೇಳಿದಾಗಲೆಲ್ಲ ನಾನು ಟಾಂಕಿ ತೋರಿಸಿದ್ದೇನೆ, ಅದರಲ್ಲಿ ಎಂದೂ ಹಿಂಜರಿದವನಲ್ಲ. ಆದರೆ ಹೊಸದಾಗಿ ಕೆಲಸಕ್ಕೆ ಬಂದ ಹುಡುಗರಿಗೆ ನಾನು ಹೇಳುತ್ತಿದ್ದದ್ದು ಬೇರೆಯೇ. ಇಲ್ಲ ಅಂತ ಜನರನ್ನು ನಂಬಿಸಿದಿರೋ, ನಿಮ್ಮ ಕೆಲಸ ಮುಗಿಯಲಿಲ್ಲ, ಶುರುವಾಯಿತು. ನಿಮ್ಮ ಮಾತು ನಂಬಿ ಮನೆಯಲ್ಲಿ ಸುಮ್ಮನೆ ಕುಳಿತವರು ಇದ್ದಾರಲ್ಲ, ಅವರ ಪಾಲಿನ ಕೂಗು ಇನ್ನು ಮುಂದೆ ನೀವೇ ಕೂಗಬೇಕು.